ಬಲಕಾರ್ ಸಿಂಗ್ ದಿಲ್ಲಿಗೆ ಹೊರಟ ದಿನ

ಅರಂತೋಡು
28 ಅಕ್ಟೋಬರ್ 1984

ಮಗಳು ಮೋಹಿನಿಗೆ,

ದೀಪಾವಳಿಗೆ ಮೊದಲು ನೀನು ಹಾಕಿದ ಕಾಗದ ಹಬ್ಬ ಕಳೆದು ಮೂರು ದಿನಕ್ಕೆ, ನಿನ್ನೆ ಸಿಕ್ಕಿತು. ನವೀನ ಈಗ ಹಿಂದಿಯಲ್ಲೇ ಮಾತಾಡುತ್ತಾನೆಂದು ಓದಿ ಹೇಳಿದ ಮೇಲೆ ನಿನ್ನ ಅಮ್ಮನಿಗೆ ಒಂದೇ ಚಿಂತೆ. "ಮೊಮ್ಮಗ ಬಂದು ಹಸಿವಾಗ್ತದೆ ಅಂತ ಹೇಳಿದ್ರೆ ನನಗೆ ಗೊತ್ತಾಗುದು ಹೇಗೆ?" ಎಂದು ನಿನ್ನೆಯಿಂದ ನಾಲ್ಕು ಸಲ ಕೇಳಿದಳು. ಹಿಂದಿ ಕಲಿಸುವ ಮೇಷ್ಟ್ರು ನಮ್ಮ ಹೋಟೆಲಿನಲ್ಲೇ ಇದ್ದಾನಲ್ಲ ಎಂದೆ.

ಮೇಷ್ಟ್ರು ಅಂದರೆ ಬಲಕಾರ್ ಸಿಂಗ್. ನೆನಪಿರಬೇಕು ನಿನಗೆ. ಬಾಣಂತನಕ್ಕೆ ನೀನು ಇಲ್ಲಿದ್ದಾಗ, ತನ್ನ ಹೆಂಡತಿ ಹೆಣೆದ ಹಳದಿ ಸ್ವೆಟರನ್ನು ಮಗುವಿಗೆಂದು ತಂದುಕೊಟ್ಟ ಲಾರಿಯವನು. ಪುತ್ತೂರು, ಸುಳ್ಯದ ಅಡಿಕೆ ಹೇರಿಕೊಂಡು ದಿಲ್ಲಿಗೆ ಹೋಗುತ್ತಾನೆ. ಆರು ವರ್ಷದಿಂದ ಘಟ್ಟ ಇಳಿದ ಮೇಲೆ ಅವನ ಮೊದಲ ಚಾ ನಮ್ಮಲ್ಲಿ. ಈ ಸಲ ಹೋಟೆಲು ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದಾಗ ಲಾರಿಯ ಗೇರ್ ಬಾಕ್ಸ್ ಹೋಯಿತು. ಅವನೂ, ಅವನ ಹೆಂಡತಿಯ ತಮ್ಮ ಜಗೀರನೂ, ಊರಿನ ಹತ್ತು ಜನವೂ ಸೇರಿ ದೂಡಿ ತಂದು ನಮ್ಮ ಬದಿಯಲ್ಲಿ ನಿಲ್ಲಿಸಿದ್ದಾರೆ. ಹೊಸ ಸಾಮಾನು ಮಂಗಳೂರಿಗೆ ಬರಬೇಕು, ಅಲ್ಲಿಂದ ಇಲ್ಲಿಗೆ. ಐದು ದಿನವಾಯಿತು. ಸುಮ್ಮನೆ ಕೂತು ಬೇಜಾರಾಗಿ ಅವನು ಗ್ಲಾಸು ತೊಳೆಯುತ್ತಾನೆ. ಯಾರಾದರೂ ಒಳಗೆ ಬಂದರೆ "ಎಂತ ಬೇಕು ಮಾರಾಯ್ರೆ?" ಎಂದು ದೊಡ್ಡ ಸ್ವರದಲ್ಲಿ ಕೇಳುತ್ತಾನೆ. ಮಡಿಕೇರಿ ಬಸ್ಸಿನವರು ಕುತ್ತಿಗೆ ಹೊರಗೆ ಹಾಕಿ ನೋಡುತ್ತಾರೆ.

ಲಾರಿ ಸರಿಯಾದ ಮೇಲೆ ಅವನ ಕೈಯಲ್ಲಿ ಹಪ್ಪಳ, ಕುಚ್ಚಲಕ್ಕಿ, ಎರಡು ಬಾಟಲಿ ತೆಂಗಿನೆಣ್ಣೆ ಕಳಿಸುತ್ತೇನೆ. ಯಾವಾಗಿನ ಹಾಗೆ ಅಳಿಯಂದಿರು ಲಾರಿ ಆಫೀಸಿಗೆ ಹೋಗಿ ತಂದರೆ ಸಾಕು.

ನಿನ್ನ ಅಪ್ಪ
ತ್ಯಾಂಪಣ್ಣ


ಅರಂತೋಡು
6 ನವೆಂಬರ್ 1984

ಮೋಹಿನಿ,

ನೀವು ಮೂವರೂ ಹೇಗಿದ್ದೀರಿ? ಮೊದಲು ಅದನ್ನು ಒಂದು ಕಾರ್ಡಿನಲ್ಲಾದರೂ ಬರೆ. ದಿಲ್ಲಿಯ ವಿಷಯ ಪೇಪರಿನಲ್ಲಿ ಓದಿ ಇಲ್ಲಿ ಯಾರಿಗೂ ಅನ್ನ ಸೇರುವುದಿಲ್ಲ. ಸುಳ್ಯಕ್ಕೆ ಹೋಗಿ ತಂತಿ ಕೊಟ್ಟು ಬಂದೆ. ಯಾವಾಗ ಮುಟ್ಟುತ್ತದೆಂದು ಅವರಿಗೂ ಗೊತ್ತಿಲ್ಲ.

ಎರಡನೆಯದು, ಬಲಕಾರ್ ಸಿಂಗ್ ನಿಮ್ಮಲ್ಲಿಗೆ ಬಂದನೇ?

ನಡೆದದ್ದು ಹೀಗೆ. ಕಳೆದ ಬುಧವಾರ ಮಧ್ಯಾಹ್ನ ಊಟದ ಹೊತ್ತು. ಶಾಲೆಯ ಶೀನಪ್ಪ ಮಾಸ್ಟ್ರು ಟ್ರಾನ್ಸಿಸ್ಟರನ್ನು ಕಿವಿಗೆ ಹಿಡಿದುಕೊಂಡೇ ಓಡಿ ಬಂದರು. "ಪ್ರಧಾನಿಗೆ ಗುಂಡು ಹೊಡೆದ್ರಂತೆ. ಹೋದ್ರು ಅಂತ ಬಿಬಿಸಿಯವರು ಹೇಳ್ತಾ ಇದ್ದಾರೆ" ಎಂದರು. ಉಣ್ಣುತ್ತಿದ್ದವರೆಲ್ಲ ಎಂಜಲು ಕೈಯಲ್ಲೇ ಎದ್ದು ನಿಂತರು. ಯಾರು ಹೊಡೆದದ್ದು ಎಂದು ಯಾರೋ ಕೇಳಿದರು. ಮಾಸ್ಟ್ರು ಬಲಕಾರನ ಮುಖ ನೋಡಿದರು. ಅವನು ಮಜ್ಜಿಗೆ ಬಡಿಸುತ್ತಿದ್ದ. "ಕಾವಲಿನವರೇ ಅಂತೆ. ಸರ್ದಾರ್ಜಿಗಳು" ಎಂದು ಮಾಸ್ಟ್ರು ಸಣ್ಣ ಸ್ವರದಲ್ಲಿ ಹೇಳಿದರು. ಬಲಕಾರ ಚೆಂಬನ್ನು ಮೇಜಿನ ಮೇಲಿಟ್ಟು ಹೊರಗೆ ಹೋಗಿ ಲಾರಿಯ ಹಿಂದೆ ಕೂತ.

ಅವನ ಹೆಂಡತಿ ಸುರ್ಜೀತ್, ಇಬ್ಬರು ಹೆಣ್ಣುಮಕ್ಕಳು ದಿಲ್ಲಿಯಲ್ಲಿ, ಯಮುನೆಯ ಆಚೆ. ಅಲ್ಲಿ ಗಂಡಸರು ಯಾರೂ ಇಲ್ಲ. ಅವನು ಹೊರಡುವುದೆಂದಾಯಿತು. ಲಾರಿ ಕಾಯಲು ಜಗೀರ ನಿಂತ. ಬಲಕಾರನನ್ನು ಮಸೀದಿ ಹತ್ತಿರದ ಅದ್ರಾಮ ಬ್ಯಾರಿಯ ಜೀಪಿನಲ್ಲಿ ಮಂಗಳೂರಿಗೆ ಕಳಿಸಿದೆ. ಸಂಜೆಯ ಮದ್ರಾಸ್ ಗಾಡಿ ಸಿಕ್ಕಿತು ಎಂದು ಅದ್ರಾಮ ಬಂದು ಹೇಳಿದ. ಲೆಕ್ಕ ಹಾಕಿದರೆ ಶನಿವಾರ ದಿಲ್ಲಿ ಮುಟ್ಟಬೇಕು.

ನಿಮ್ಮ ಮನೆ ಸ್ಟೇಷನ್ನಿಗೆ ಹತ್ತಿರವಲ್ಲವಾ, ಗಲಾಟೆ ಉಂಟೆಂದು ಕಂಡರೆ ಮೊದಲು ಅಲ್ಲಿಗೆ ಹೋಗು ಎಂದು ವಿಳಾಸ ಹೇಳಿ ಕಳಿಸಿದ್ದೇನೆ. ಅವನು ಮುಟ್ಟಿದ ವಿಷಯ ಬೇಗ ಬರೆ. ಜಗೀರ ದಿನಾ ಬೆಳಿಗ್ಗೆ ಪೋಸ್ಟಿನವನ ದಾರಿ ನೋಡುತ್ತಾನೆ.

ಅಪ್ಪ


ಅರಂತೋಡು
24 ನವೆಂಬರ್ 1984

ಮೋಹಿನಿ,

ನೀವು ಕ್ಷೇಮ ಎಂದು ಅಳಿಯಂದಿರು ಕುಂಬ್ರದ ಅವರ ಮನೆಗೆ ಬರೆದ ಕಾರ್ಡಿನಿಂದ ಗೊತ್ತಾಯಿತು. ನಮಗೆ ಯಾಕೆ ಬರೆಯಲಿಲ್ಲ ಎಂದು ಅಮ್ಮ ಕೇಳುತ್ತಾಳೆ. ಆಸ್ಪತ್ರೆಯಲ್ಲಿ ಕೆಲಸ ಹೆಚ್ಚಿರಬಹುದು, ದಾದಿಯರಿಗೆ ಇಂಥ ಸಮಯದಲ್ಲಿ ರಜೆ ಎಲ್ಲಿಂದ ಎಂದೆ.

ಗೇರ್ ಬಾಕ್ಸ್ ಬಂತು. ಜಗೀರ ಹದಿಮೂರಕ್ಕೆ ಹೊರಟು ಹೋದ. ಅಷ್ಟು ದಿನ ಅವನು ಹೋಟೆಲಿನಲ್ಲೇ ಮಲಗಿದ. ಊರವರು ಒಂದು ಮಾತು ಆಡಿದವರಲ್ಲ. ನಿನ್ನ ಅಮ್ಮ ಅವನಿಗೆ ಗೋಧಿ ರೊಟ್ಟಿ ಮಾಡಲು ಹೋಗಿ ಕರಟಿಸಿದಳು, ಅವನು ಅದನ್ನೇ ತಿಂದ.

ಬಲಕಾರನ ಸುದ್ದಿ ಬರೆ.

ಅಪ್ಪ


ನವದೆಹಲಿ
2 ಡಿಸೆಂಬರ್ 1984

ಪ್ರೀತಿಯ ಅಪ್ಪ, ಅಮ್ಮ,

ನಿಮ್ಮ ನವೆಂಬರಿನ ಎರಡೂ ಕಾಗದ, ತಂತಿ ಎಲ್ಲ ಸಿಕ್ಕಿದೆ. ಬರೆಯಲು ತಡವಾಯಿತು, ಬೇಸರ ಮಾಡಬೇಡಿ. ಕರ್ಫ್ಯೂ, ಆಮೇಲೆ ನವೀನನಿಗೆ ಜ್ವರ, ನನಗೆ ಡಬ್ಬಲ್ ಡ್ಯೂಟಿ. ಈಗ ಎಲ್ಲ ಮೊದಲಿನ ಹಾಗೆ ಆಗಿದೆ. ಹಾಲು ಬರುತ್ತದೆ, ಬಸ್ಸು ಉಂಟು. ಇವರ ಆಫೀಸೂ ಶುರುವಾಗಿದೆ.

ನಮ್ಮ ಗಲ್ಲಿಯಲ್ಲಿ ಏನೂ ಆಗಲಿಲ್ಲ. ಮನೆಯ ಮಾಲೀಕ ವರ್ಮಾಜಿ ಒಳ್ಳೆಯವರು, ಗೇಟಿಗೆ ಬೀಗ ಹಾಕಿ ಎಲ್ಲರನ್ನೂ ಕಾಪಾಡಿದರು. ಅವರ ಮನೆಯ ಟಿವಿಯಲ್ಲಿ ಅಂತ್ಯಕ್ರಿಯೆ ನೋಡಿದೆವು.

ಬಲಕಾರ್ ಸಿಂಗ್ ನಮ್ಮಲ್ಲಿಗೆ ಬಂದಿಲ್ಲ. ನೀವು ಬರೆದುಕೊಟ್ಟ ಚೀಟಿ ಹಿಡಿದುಕೊಂಡು ಯಾರೂ ಬಂದಿಲ್ಲ. ನೇರ ಅವರ ಮನೆಗೆ ಹೋಗಿರಬಹುದು.

ಅಮ್ಮನ ಕಾಲು ನೋವು ಹೇಗುಂಟು? ಬಿಸಿನೀರಿನ ಶಾಖ ಬಿಡಬೇಡಿ.

ನಿಮ್ಮ
ಮೋಹಿನಿ


ಅರಂತೋಡು
20 ಜನವರಿ 1985

ಮೋಹಿನಿ,

ಮೊನ್ನೆ ಶುಕ್ರವಾರ ಬೆಳಿಗ್ಗೆ ಒಬ್ಬ ಬಂದು ಬೆಂಚಿನಲ್ಲಿ ಕೂತ. ತಲೆಕೂದಲು ಸಣ್ಣಗೆ ಕತ್ತರಿಸಿದ್ದ, ಗಡ್ಡ ಇಲ್ಲ. ಯಾರೋ ಹೊಸಬನೆಂದು "ಎಂತ ಬೇಕು?" ಎಂದು ಕೇಳಿದೆ. ಅವನು ಸುಮ್ಮನೆ ನನ್ನನ್ನು ನೋಡಿದ. ಜಗೀರ! ಗುರುತೇ ಸಿಗಲಿಲ್ಲ ನನಗೆ.

ಬಲಕಾರ ಮನೆ ಮುಟ್ಟಲಿಲ್ಲ. ಅವನ ಮನೆ ಸುಟ್ಟಿದ್ದಾರೆ. ಸುರ್ಜೀತಳೂ ಮಕ್ಕಳೂ ನೆರೆಯ ಒಬ್ಬ ಮುದುಕಿಯ ಕೋಳಿಗೂಡಿನಲ್ಲಿ ಎರಡು ದಿನ ಅಡಗಿ ಉಳಿದರು. ಈಗ ಶಿಬಿರದಲ್ಲಿದ್ದಾರೆ. ಜಗೀರ ಆಸ್ಪತ್ರೆ, ಶವಾಗಾರ, ರೈಲ್ವೆ, ಎಲ್ಲ ಕಡೆ ಹುಡುಕಿದ್ದಾನೆ. ಎಲ್ಲಿಯೂ ಇಲ್ಲ. ಸತ್ತವರ ಪಟ್ಟಿಗೆ ಹೆಸರು ಸೇರಿಸಲು ಹೋದರೆ, "ಅವನು ಆಗ ಕರ್ನಾಟಕದಲ್ಲಿ ಇದ್ದವನಲ್ಲವಾ, ದಿಲ್ಲಿಯಲ್ಲಿ ಅವನನ್ನು ನೋಡಿದವರು ಯಾರು?" ಎಂದು ಕೇಳಿದರಂತೆ. ಇಲ್ಲಿಂದ ಹೊರಟದ್ದು ಹೌದು ಎಂದು ನಾನೂ ಶೀನಪ್ಪ ಮಾಸ್ಟ್ರೂ ಬರೆದು ರುಜು ಹಾಕಿ ಕೊಟ್ಟೆವು. ಹೊರಟದ್ದಕ್ಕೆ ಸಾಕ್ಷಿ ಉಂಟು, ಮುಟ್ಟಿದ್ದಕ್ಕೆ ಇಲ್ಲ.

ಸುರ್ಜೀತ್ ಅಳುವುದಿಲ್ಲವಂತೆ. ದಾರಿಯಲ್ಲಿ ಗಲಾಟೆಯ ಸುದ್ದಿ ಕೇಳಿ ಅವರು ವಾಪಸು ಹೋಗಿದ್ದಾರೆ, ಅರಂತೋಡಿನವರು ಅವರನ್ನು ಬಿಡುವುದಿಲ್ಲ, ಇಟ್ಟುಕೊಂಡಿದ್ದಾರೆ ಎಂದು ಎಲ್ಲರ ಹತ್ತಿರ ಹೇಳುತ್ತಾಳಂತೆ. ಜಗೀರ ಇದನ್ನು ಹೇಳುವಾಗ ನನಗೆ ಅವನ ಎದುರು ಕೂರಲು ಆಗಲಿಲ್ಲ. ಹಾಲು ಉಕ್ಕುತ್ತದೆಂದು ಒಳಗೆ ಹೋದೆ.

ಒಂದು ವಿಷಯ ನಾನು ನಿನಗೆ ಬರೆದಿರಲಿಲ್ಲ. ಅಂದು ಬಲಕಾರನಿಗೆ ಹೋಗಲು ಮನಸ್ಸಿರಲಿಲ್ಲ. "ತ್ಯಾಂಪಣ್ಣ, ನಾನು ನಾಲ್ಕು ದಿನ ಇಲ್ಲೇ ಇರ್ತೆ. ಅಲ್ಲಿ ಪೊಲೀಸ್ ಉಂಟು, ಮಿಲಿಟರಿ ಉಂಟು" ಎಂದ. ಅದ್ರಾಮನೂ ಜೀಪಿನ ಬಾಗಿಲು ಹಿಡಿದು ಹೇಳಿದ, "ಇವತ್ತು ಕಳಿಸುದು ಬೇಡ. ನಮ್ಮ ಕಣ್ಣೆದುರು ಇರ್ಲಿ. ಇಂಥ ದಿನ ಹೇಗಿರ್ತದೆ ಅಂತ ನಮ್ಮಂಥವರಿಗೆ ಗೊತ್ತು." ನಾನು ಕೇಳಲಿಲ್ಲ. "ಹೆಂಡತಿ ಮಕ್ಕಳು ಅಲ್ಲಿ, ನೀನು ಇಲ್ಲಿ ಮಜ್ಜಿಗೆ ಬಡಿಸಿಕೊಂಡು ಕೂರುದಾ? ನೀನೆಂಥ ಗಂಡಸು ಮಾರಾಯಾ?" ಎಂದೆ. ಆ ಮಾತಿಗೆ ಅವನು ಎದ್ದ.

ಅದು ಅವನ ಸಂಸಾರದ ಮೇಲಿನ ಕಾಳಜಿಯಿಂದಲೇ ಹೇಳಿದ್ದು. ಆದರೆ ಸ್ವಲ್ಪ ಮೊದಲು ಬೈಕಿನಲ್ಲಿ ಇಬ್ಬರು ಬಂದು "ಈ ಲಾರಿ ಯಾರದ್ದು?" ಎಂದು ಕೇಳಿ ಹೋಗಿದ್ದರು. ನನಗೆ ನನ್ನ ಹೋಟೆಲಿನ ಗಾಜಿನ ಕಪಾಟಿನ ನೆನಪೂ ಬಂದಿತ್ತು. ಯಾವುದು ಎಷ್ಟು ಎಂದು ಈಗ ತೂಗಿ ನೋಡುತ್ತೇನೆ, ಗೊತ್ತಾಗುವುದಿಲ್ಲ. ಆ ಬೈಕಿನವರು ಮತ್ತೆ ಬರಲೇ ಇಲ್ಲ. ಜಗೀರ ಹದಿಮೂರು ದಿನ ಇಲ್ಲೇ ಇದ್ದ, ಅವನ ಮೇಲೆ ಒಂದು ಹರಳು ಕಲ್ಲೂ ಬೀಳಲಿಲ್ಲ.

ನೀನು ಶಿಬಿರಕ್ಕೆ ಹೋಗಿ ಸುರ್ಜೀತಳನ್ನು ನೋಡಿ ಬಾ. ವಿಳಾಸ ಈ ಕಾಗದದ ಹಿಂದೆ ಉಂಟು. ನಮ್ಮವರೊಬ್ಬರು ಬಂದರು ಎಂದಾದರೂ ಅವಳಿಗೆ ಆಗಲಿ.

ಅಪ್ಪ


ನವದೆಹಲಿ
12 ಫೆಬ್ರವರಿ 1985

ಪ್ರೀತಿಯ ಅಪ್ಪ,

ಕಾಗದ ಸಿಕ್ಕಿತು. ಓದಿ ತುಂಬಾ ಬೇಸರವಾಯಿತು. ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನೀವು ಒಳ್ಳೆಯದಕ್ಕೇ ಹೇಳಿದ್ದು.

ಶಿಬಿರ ನಮಗೆ ಬಹಳ ದೂರ. ಎರಡು ಬಸ್ಸು ಬದಲಿಸಬೇಕು. ನವೀನನನ್ನು ನೋಡಿಕೊಳ್ಳುವವರಿಲ್ಲ. ಸ್ವಲ್ಪ ಬಿಸಿಲು ಬರಲಿ, ನೋಡುತ್ತೇನೆ.

ನಮ್ಮ ವಾರ್ಡಿನಲ್ಲಿ ಊಟದ ಹೊತ್ತಿಗೆ ಈಗಲೂ ಇದೇ ಮಾತು. ಸುದ್ದಿ ಕೇಳಿದಾಗ ನೀನೆಲ್ಲಿದ್ದಿ, ನಾನೆಲ್ಲಿದ್ದೆ. ಒಬ್ಬಳು ಬಸ್ಸಿನಲ್ಲಿದ್ದಳಂತೆ, ಒಬ್ಬಳು ತಲೆ ಬಾಚುತ್ತಿದ್ದಳಂತೆ. ಕೇರಳದ ಒಬ್ಬ ಸಿಸ್ಟರ್ ಮೀನು ತೊಳೆಯುತ್ತಿದ್ದಳಂತೆ, ಆ ದಿನದಿಂದ ಮೀನು ತಿನ್ನುವುದಿಲ್ಲ. ನನ್ನನ್ನು ಕೇಳಿದರೆ ಡ್ಯೂಟಿಯಲ್ಲಿದ್ದೆ ಎನ್ನುತ್ತೇನೆ.

ಅಮ್ಮನಿಗೆ ಹೇಳಿ, ನವೀನ ಈಗ "ಹಸಿವು" ಎಂದು ಹೇಳಲು ಕಲಿತಿದ್ದಾನೆ.

ಮೋಹಿನಿ


ಅರಂತೋಡು
25 ಫೆಬ್ರವರಿ 1985

ಮೋಹಿನಿ,

ನಿನ್ನ ಕಾಗದಗಳನ್ನೆಲ್ಲ ತಂತಿಗೆ ಚುಚ್ಚಿ ಇಟ್ಟಿದ್ದೇನೆ. ನಿನ್ನೆ ಕೂತು ಮೊದಲಿನಿಂದ ಓದಿದೆ. ಡಿಸೆಂಬರ್ ಎರಡರ ಕಾಗದದಲ್ಲಿ, ನಾನು ಬರೆದುಕೊಟ್ಟ ಚೀಟಿ ಹಿಡಿದು ಯಾರೂ ಬರಲಿಲ್ಲ ಎಂದು ಬರೆದಿದ್ದೀ.

ಬಲಕಾರ ಜೀಪು ಹತ್ತಿದ ಮೇಲೆ ಮನಸ್ಸು ತಡೆಯದೆ ಸಿಗರೇಟ್ ಪ್ಯಾಕಿನ ಒಳಗಿನ ಕಾಗದದಲ್ಲಿ ಎರಡು ಸಾಲು ಬರೆದು ಅವನ ಅಂಗಿಯ ಕಿಸೆಗೆ ಹಾಕಿದ್ದು ಹೌದು. ಆ ವಿಷಯ ನಾನು ನಿನಗೆ ಯಾವ ಕಾಗದದಲ್ಲೂ ಬರೆದಿಲ್ಲ. ವಿಳಾಸ ಹೇಳಿ ಕಳಿಸಿದೆ ಎಂದಷ್ಟೇ ಬರೆದದ್ದು. ಜಗೀರನಿಗೂ ಗೊತ್ತಿಲ್ಲ.

ಮಗಾ, ಅವನು ಬಂದಿದ್ದನಾ?

ಅಪ್ಪ


ನವದೆಹಲಿ
30 ಏಪ್ರಿಲ್ 1985

ಅಪ್ಪ,

ಎರಡು ತಿಂಗಳಿನಿಂದ ಬರೆಯುವುದು, ಹರಿಯುವುದು ಮಾಡುತ್ತಿದ್ದೇನೆ. ಇದನ್ನು ಹರಿಯುವುದಿಲ್ಲ.

ಬಂದಿದ್ದ.

ನವೆಂಬರ್ ಮೂರು, ಶನಿವಾರ, ಮಧ್ಯಾಹ್ನ. ಅಂತ್ಯಕ್ರಿಯೆಯ ಮೆರವಣಿಗೆ ಹೊರಟಿತ್ತು. ಕಟ್ಟಡದವರೆಲ್ಲ ವರ್ಮಾಜಿಯ ಕೋಣೆಯಲ್ಲಿ ಟಿವಿ ಎದುರು ಕೂತಿದ್ದೆವು. ನನ್ನ ಮಡಿಲಲ್ಲಿ ನವೀನ. ಹಿಂದಿನ ದಿನ ಕೆಲವರು ದೊಣ್ಣೆ, ಕಬ್ಬಿಣದ ಸರಳು ಹಿಡಿದು ಗಲ್ಲಿಗೆ ಬಂದಿದ್ದರು. ಸರ್ದಾರರನ್ನು ಇಟ್ಟುಕೊಂಡ ಮನೆಗೆ ಬೆಂಕಿ ಎಂದು ಹೇಳಿ ಹೋಗಿದ್ದರು. ಅಂದಿನಿಂದ ವರ್ಮಾಜಿ ಗೇಟಿಗೆ ಬೀಗ ಹಾಕಿದ್ದರು.

ಗೇಟಿನ ಸರಪಳಿ ಅಲ್ಲಾಡಿತು. ವರ್ಮಾಜಿ ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಬಂದು ನಿಂತು, "ಒಬ್ಬ ಸರ್ದಾರ್ ಗೇಟಿನಲ್ಲಿದ್ದಾನೆ. ಸ್ವರ ತೆಗೆಯಬೇಡ ಎಂದೆ, ಈ ಕಾಗದ ಕೊಟ್ಟ. ಇದು ಯಾರ ಭಾಷೆ?" ಎಂದು ಎಲ್ಲರ ಮುಂದೆ ಹಿಡಿದರು. ಯಾರಿಗೂ ಅದು ಅರ್ಥವಾಗಲಿಲ್ಲ. ಕೊನೆಗೆ ನನ್ನ ಕೈಗೆ ಬಂತು.

"ಮೋಹಿನಿ, ಇವನು ನಮ್ಮವನು. ಒಳಗೆ ಸೇರಿಸಿಕೋ. ಅಪ್ಪ."

ನಿಮ್ಮ ಅಕ್ಷರ, ಅಪ್ಪ. ಹೋಟೆಲಿನ ಬೋರ್ಡಿನಲ್ಲಿ ಬರೆಯುವ ಹಾಗೆ ದಪ್ಪ ದಪ್ಪ. ವರ್ಮಾಜಿಯ ಹೆಂಡತಿ "ನಿನ್ನದಾ?" ಎಂದು ಕೇಳಿದರು. ಕೋಣೆಯಲ್ಲಿ ಇಪ್ಪತ್ತು ಜನ, ಇಪ್ಪತ್ತು ಜನವೂ ನನ್ನನ್ನೇ ನೋಡುತ್ತಿದ್ದರು. ನಾನು "ಅಲ್ಲ. ಇದು ನಮ್ಮ ಭಾಷೆಯೇ ಅಲ್ಲ, ಬೇರೆ ಯಾವುದೋ" ಎಂದೆ. ಇವರು ಪಕ್ಕದಲ್ಲೇ ಇದ್ದರು. ಇವರೂ ಓದಿದ್ದರು. ನಾನು ಇವರ ಮುಖ ನೋಡಿದೆ. ಇವರು ಟಿವಿಯ ಕಡೆ ತಿರುಗಿದರು.

ವರ್ಮಾಜಿ ಹೊರಗೆ ಹೋಗಿ ಬಂದು ಕೂತರು. ನಾನು ಏಳಲಿಲ್ಲ. ಕಿಟಕಿಗೆ ಹೋಗಲಿಲ್ಲ. ಟಿವಿಯಲ್ಲಿ ಮಂತ್ರ ಜೋರಾಗಿತ್ತು. ಕಾಲು ಗಂಟೆ ಕಳೆದಿರಬಹುದು, ದೊಡ್ಡ ರಸ್ತೆಯ ಕಡೆಯಿಂದ ಗದ್ದಲ ಕೇಳಿತು. ಆಮೇಲೆ ಟಯರು ಸುಟ್ಟ ವಾಸನೆ ಬಂತು. ಯಾರೋ ಎದ್ದು ಕಿಟಕಿ ಹಾಕಿದರು.

ಚೀಟಿ ನನ್ನ ಮುಷ್ಟಿಯಲ್ಲೇ ಉಳಿದಿತ್ತು. ಸಂಜೆ ಸ್ಟವಿಗೆ ಹಾಕಿದೆ. ಆ ದಿನದಿಂದ ಈವರೆಗೆ ಇವರೂ ನಾನೂ ಅದರ ಮಾತೆತ್ತಿಲ್ಲ. ನಿಮಗೆ ಡಿಸೆಂಬರಿನಲ್ಲಿ ಬರೆಯುವಾಗ ಚೀಟಿ ಎಂದು ಕೈ ತಾನಾಗಿ ಬರೆಯಿತು. ಪೋಸ್ಟಿಗೆ ಹಾಕಿದ ಮೇಲೂ ನನಗೆ ಅದು ಹೊಳೆಯಲಿಲ್ಲ.

ಮರುದಿನ ನನ್ನನ್ನು ಸುಟ್ಟ ಗಾಯದ ವಾರ್ಡಿನ ಡ್ಯೂಟಿಗೆ ಹಾಕಿದರು. ಬಂದವರಲ್ಲಿ ಮುಖ ಉಳಿದವರ ಮುಖ ನೋಡಿದೆ. ಉಳಿಯದವರ ಕೈ ನೋಡಿದೆ. ಹದಿನೈದು ದಿನ ಹುಡುಕಿದೆ. ಹಾಗೆ ಹುಡುಕಿದರೆ ಏನೋ ಸರಿಯಾಗುತ್ತದೆ ಎಂದು ಇತ್ತು ನನಗೆ.

ಮಗು ಮಡಿಲಲ್ಲಿತ್ತು, ಹೆದರಿದೆ ಎಂದು ಬರೆಯಬಹುದು. ಹರಿದು ಹಾಕಿದ ಕಾಗದಗಳಲ್ಲಿ ಹಾಗೆಯೇ ಬರೆದಿದ್ದೆ. ನಿಜವೆಂದರೆ ಆಗ ನನಗೆ ಮಗುವಿನ ಯೋಚನೆಯೂ ಬರಲಿಲ್ಲ. ಆ ಇಪ್ಪತ್ತು ಜನ ನನ್ನನ್ನು ನೋಡುವುದು ನಿಂತರೆ ಸಾಕಿತ್ತು.

ಮೋಹಿನಿ


ಅರಂತೋಡು
12 ಮೇ 1985

ಮೋಹಿನಿ,

ಕಾಗದ ಸಿಕ್ಕಿತು. ಎಂತ ಬರೆದಿದ್ದಾಳೆ ಎಂದು ಅಮ್ಮ ಕೇಳಿದಳು. ನವೀನನಿಗೆ ಹಲ್ಲು ನೋವಂತೆ ಎಂದೆ. ಆಗಿನಿಂದ ಲವಂಗ ಕಳಿಸಬೇಕು ಎನ್ನುತ್ತಿದ್ದಾಳೆ.

ನಾನು ಅವನನ್ನು ದೂಡಿದೆ, ನೀನು ಬಾಗಿಲು ತೆರೆಯಲಿಲ್ಲ. ಬಲಕಾರನಿಗೆ ನಾವಿಬ್ಬರೇ ಸಾಕಾಯಿತು. ಇದರ ಮೇಲೆ ನಿನಗೆ ಬೈಯುವ ಬಾಯಿ ನನಗಿಲ್ಲ.

ಆದರೆ ಸುರ್ಜೀತ್ ಕಾದು ಕೂತಿದ್ದಾಳೆ. ಅವಳಿಗೆ ಹೋಗಿ ಹೇಳು. ಅವನು ದಿಲ್ಲಿ ಮುಟ್ಟಿದ್ದ ಎಂದು ಸತ್ತವರ ಪಟ್ಟಿ ಮಾಡುವ ಆಫೀಸಿನಲ್ಲೂ ಬರೆದುಕೊಡು. ಅವಳು ಉಗಿದರೆ ಉಗಿಸಿಕೊಂಡು ಬಾ. ಹೇಳಿದ ಮೇಲೆ ನನಗೆ ಬರೆ. ಅದಕ್ಕೆ ಮೊದಲು ಬರೆಯುವುದು ಬೇಡ.

ಅಪ್ಪ


ನವದೆಹಲಿ
21 ಜುಲೈ 1985

ಅಪ್ಪ,

ಹೇಳಿ ಬಂದೆ.

ಮೊದಲು ಆಫೀಸಿಗೆ ಹೋದೆ. ಮೂರು ಸಲ ಹೋದ ಮೇಲೆ ಒಬ್ಬರು ಕೂತು ಕೇಳಿದರು. ಎಲ್ಲ ಹೇಳಿದೆ. "ನೀವು ಅವನನ್ನು ಕಣ್ಣಾರೆ ನೋಡಿದಿರಾ?" ಎಂದರು. ಇಲ್ಲ ಎಂದೆ. "ಚೀಟಿ?" ಸುಟ್ಟೆ ಎಂದೆ. ಪೆನ್ನಿನ ಟೋಪಿ ಹಾಕಿದರು. ನೋಡಿದವರು ವರ್ಮಾಜಿ ಒಬ್ಬರೇ. ಅವರ ಕಾಲು ಹಿಡಿದು ಕೇಳಿದೆ. "ಅಂದು ಗೊತ್ತಿಲ್ಲ ಎಂದವಳು ನೀನು. ನೀನೇ ಗುರುತಿಸದವನನ್ನು ನಾನು ಹೇಗೆ ಗುರುತಿಸಲಿ?" ಎಂದರು. ತಿಂಗಳ ಕೊನೆಗೆ ಮನೆ ಖಾಲಿ ಮಾಡಲು ಹೇಳಿದ್ದಾರೆ. ಇವರು ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ.

ಸುರ್ಜೀತಳಿಗೆ ಈಗ ಊರಿನ ತುದಿಯಲ್ಲಿ ಸರಕಾರದ ಒಂದು ಕೋಣೆ ಸಿಕ್ಕಿದೆ. ಆ ಸಾಲಿನಲ್ಲೆಲ್ಲ ಹೆಂಗಸರೇ. ನನ್ನದೇ ಪ್ರಾಯದವಳು, ಅಪ್ಪ. ನಾನು ಅವಳನ್ನು ದೊಡ್ಡವಳೆಂದು ಯಾಕೆ ತಿಳಿದುಕೊಂಡಿದ್ದೆನೋ. ಅರಂತೋಡಿನ ತ್ಯಾಂಪಣ್ಣನ ಮಗಳು ಎಂದದ್ದೇ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಚಾ ಮಾಡಿದಳು. "ಮಗುವಿಗೆ ಸ್ವೆಟರ್ ಸಣ್ಣದಾಗಿರಬೇಕಲ್ಲ?" ಎಂದು ಕೇಳಿದಳು. ಚಾ ಕುಡಿಯದೆ ಎಲ್ಲ ಹೇಳಿದೆ. ಒಂದನ್ನೂ ಬಿಡದೆ ಹೇಳಿದೆ.

ಅವಳು ಉಗಿಯಲಿಲ್ಲ. ಹತ್ತಿರ ಸರಿದು ಕೂತು ಕೇಳಲು ಶುರುಮಾಡಿದಳು.

"ಯಾವ ಅಂಗಿ ಹಾಕಿದ್ದರು?"

"ನಾನು ನೋಡಲಿಲ್ಲ."

"ಪೆಟ್ಟಾಗಿತ್ತಾ? ಸರಿಯಾಗಿ ನಿಂತುಕೊಂಡಿದ್ದರಾ?"

"ಗೊತ್ತಿಲ್ಲ. ನಾನು ಏಳಲಿಲ್ಲ."

"ಸ್ವರ ಕೇಳಿತಾ?"

"ಇಲ್ಲ."

ತುಂಬ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ಅವಳಿಗೆ ಸಮಾಧಾನವಾಯಿತು, ಅಪ್ಪ. ನಾನು ಅದನ್ನು ನೋಡಿದೆ. "ಹಾಗಾದರೆ ಅವರಲ್ಲ. ಅವರು ಆ ಚೀಟಿಯನ್ನು ದಾರಿಯಲ್ಲಿ ಬೇರೆ ಯಾರಿಗೋ ಕೊಟ್ಟಿದ್ದಾರೆ. ತಾನು ವಾಪಸು ಹೋಗುವಾಗ, ದಿಲ್ಲಿಗೆ ಬರುವವನಿಗೆ ಕೊಟ್ಟಿದ್ದಾರೆ. ಅವರ ಸ್ವಭಾವವೇ ಹಾಗೆ" ಎಂದಳು. ದೊಡ್ಡ ಹುಡುಗಿ ಬಾಗಿಲಲ್ಲಿ ನಿಂತಿತ್ತು. ಅದಕ್ಕೂ ಹೇಳಿದಳು, "ಕೇಳಿದೆಯಾ? ಅಪ್ಪ ಅಲ್ಲ ಅಂತೆ."

ಅವನೇ ಎಂದು ನಾನು ಮತ್ತೆ ಮತ್ತೆ ಹೇಳಿದೆ. ನೀನು ನೋಡಲಿಲ್ಲವಲ್ಲ ಎಂದು ಅವಳು ಮತ್ತೆ ಮತ್ತೆ ಹೇಳಿದಳು.

ಹೊರಡುವಾಗ, ನಿಮ್ಮ ಅಪ್ಪನಿಗೆ ಕನ್ನಡದಲ್ಲಿ ಬರೆ ಎಂದು ಹೇಳಿ ಕಳಿಸಿದ್ದಾಳೆ. ಬರೆಯುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಅದಕ್ಕೆ ಅವಳ ಮಾತನ್ನೇ ಬರೆಯುತ್ತಿದ್ದೇನೆ. ಇಲ್ಲಿ ಈಗ ಏನೂ ಹೆದರಿಕೆ ಇಲ್ಲ, ಹೊಸ ಮನೆ ಸಿಕ್ಕಿದೆ, ಹುಡುಗಿಯರು ಶಾಲೆಗೆ ಹೋಗುತ್ತಾರೆ, ಅವರಿಗೆ ಇನ್ನು ಇಲ್ಲಿಗೆ ಹೊರಡಲು ಹೇಳಿ.

ಮೋಹಿನಿ


ಅರಂತೋಡು
3 ನವೆಂಬರ್ 1985

ಮೋಹಿನಿ,

ಜುಲೈಯ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ನಡುವೆ ನೀನು ಹಾಕಿದ ಎರಡು ಕಾರ್ಡೂ ಸಿಕ್ಕಿವೆ. ಹೊಸ ಮನೆಯ ವಿಳಾಸ ಬರೆದುಕೊಂಡಿದ್ದೇನೆ.

ಸುರ್ಜೀತ್ ಹೇಳಿ ಕಳಿಸಿದ್ದನ್ನು ಓದಿದೆ. ಅದನ್ನು ಯಾರಿಗೆ ಹೇಳುವುದು? ಜಗೀರ ಈಗ ಈ ದಾರಿಯಲ್ಲಿ ಬರುವುದಿಲ್ಲ. ಬೇರೆ ಲಾರಿಯವರ ಹತ್ತಿರ ಕೇಳಿದೆ, ಅವನು ಪಂಜಾಬಿಗೆ ಹೋದ ಎಂದರು. ಅದ್ರಾಮ ಜೀಪು ನಿಲ್ಲಿಸುವುದು ಈಗ ಎದುರಿನ ಅಂಗಡಿಯಲ್ಲಿ. ನನ್ನನ್ನು ಕಂಡರೆ ತಲೆ ಅಲ್ಲಾಡಿಸುತ್ತಾನೆ, ಒಳಗೆ ಬರುವುದಿಲ್ಲ. ಕರೆಯಲು ನನಗೂ ಬಾಯಿ ಬರುವುದಿಲ್ಲ.

ಮೊನ್ನೆ ಮೂವತ್ತೊಂದಕ್ಕೆ ವರ್ಷವಾಯಿತು. ರೇಡಿಯೊದಲ್ಲಿ ಬೆಳಿಗ್ಗೆಯಿಂದ ಭಜನೆ. ಹೋಟೆಲಿಗೆ ಬಂದವರೆಲ್ಲ ಒಬ್ಬರ ಮೇಲೊಬ್ಬರು ಹೇಳಿದ್ದೇ ಹೇಳಿದ್ದು. ಒಬ್ಬ ಅಡಿಕೆ ಮರದ ತುದಿಯಲ್ಲಿದ್ದನಂತೆ, ಕೆಳಗಿನಿಂದ ಹೆಂಡತಿ ಕೂಗಿ ಹೇಳಿದಳಂತೆ. ಒಬ್ಬ ಪುತ್ತೂರಿನಲ್ಲಿ ಸಿನೆಮಾ ಟಿಕೆಟಿಗೆ ನಿಂತಿದ್ದನಂತೆ. ಪೆರಾಬೆಯಿಂದ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿನ್ನದೆ ಎದ್ದು ಹೋದರಂತೆ, ಆ ಸಂಬಂಧವೂ ತಪ್ಪಿತಂತೆ. ನಕ್ಕರು ಸಹ. ಶೀನಪ್ಪ ಮಾಸ್ಟ್ರು ಮಾತ್ರ ಗ್ಲಾಸು ನೋಡುತ್ತಾ ಕೂತಿದ್ದರು. ಹೊಸದಾಗಿ ಬಂದ ಬ್ಯಾಂಕಿನವರು ನನ್ನನ್ನು ಕೇಳಿದರು, "ತ್ಯಾಂಪಣ್ಣ, ನೀವು ಎಲ್ಲಿದ್ರಿ?"

"ಇಲ್ಲೇ ಇದ್ದೆ" ಎಂದೆ.

ಡಿಸೆಂಬರಿನಲ್ಲಿ ರಜೆ ಹಾಕಿ ಮಗುವನ್ನು ಕರೆದುಕೊಂಡು ಊರಿಗೆ ಬರುತ್ತೇನೆ, ಒಂದು ಸಲ ನಿಮ್ಮ ಎದುರು ಕೂತು ಮಾತಾಡಬೇಕು ಎಂದು ಕಾರ್ಡಿನಲ್ಲಿ ಬರೆದಿದ್ದೀ. ಬರುವುದು ಬೇಡ. ನೀನು ಬಸ್ಸಿನಿಂದ ಇಳಿದು ಎದುರು ನಿಂತರೆ ನಾನು ಎಲ್ಲ ಬಿಟ್ಟುಬಿಡುತ್ತೇನೆ. ಹೋಗಲಿ ಮಗಾ ಎಂದು ಹೇಳಿಯೇ ಹೇಳುತ್ತೇನೆ. ನನ್ನಿಂದ ತಡೆಯಲಿಕ್ಕೆ ಆಗುವುದಿಲ್ಲ, ನೀನು ನನ್ನ ಮಗಳು. ಹಾಗೆ ಹೇಳುವ ಅಧಿಕಾರ ನನ್ನದಲ್ಲ. ನನಗೂ ಹಾಗೆ ಯಾರೂ ಹೇಳಿಲ್ಲ.

ಮುಂದೆ ಯಾವಾಗ ಎಂದು ಕೇಳಬೇಡ. ನನಗೆ ಗೊತ್ತಿಲ್ಲ.

ಅಮ್ಮ ಮೊಮ್ಮಗನಿಗೆಂದು ಹಲಸಿನ ಹಪ್ಪಳ ತೆಗೆದಿಟ್ಟಿದ್ದಾಳೆ. ನಿನಗೆ ಈ ವರ್ಷ ರಜೆ ಸಿಗಲಿಲ್ಲ ಎಂದು ಅವಳಿಗೆ ಹೇಳಿದ್ದೇನೆ. ನೀನೂ ಹಾಗೆಯೇ ಬರೆ.

ಅಪ್ಪ